ಅಂಕಣ ಒಂಬತ್ತರ ಧ್ವನಿ ನನ್ನ ಚಿಕ್ಕಮ್ಮನದೇ, ಮಾನ್ಯರೇ

ಮಾನ್ಯರೇ,

ಮಾನಸಿಕ ಅಸ್ವಸ್ಥರ ನೆರವಿನ ವಸತಿಗಳ ಮಂಜೂರಾತಿ ವಿಭಾಗದ ಮುಖ್ಯಸ್ಥರಾದ ತಾವು ನನ್ನ ಚಿಕ್ಕಮ್ಮನಿಗೆ ಒಂದು ಕೋಣೆಯನ್ನು ನಿರಾಕರಿಸಿದ್ದೀರಿ. ಕಾರಣ, ತಮ್ಮ ಕಚೇರಿಯ ಮಾತಿನಲ್ಲೇ ಹೇಳುವುದಾದರೆ, "ಬಸ್ ನಿಲ್ದಾಣದ ಧ್ವನಿವರ್ಧಕದಲ್ಲಿ ತನ್ನದೇ ಧ್ವನಿ ಕೇಳಿಬರುತ್ತಿದೆ ಎಂಬ ದೃಢವಾದ ಭ್ರಮೆ." ಮಾನ್ಯರೇ, ಆ ಧ್ವನಿ ನನಗೂ ಕೇಳಿಸುತ್ತದೆ. ನಮ್ಮಮ್ಮನಿಗೂ ಕೇಳಿಸುತ್ತದೆ. ನಿಲ್ದಾಣದ ಮುಂದೆ ಕೂತು ಛತ್ರಿ ರಿಪೇರಿ ಮಾಡುವವನಿಗೂ, ಅವನ ಪಕ್ಕದಲ್ಲಿ ಮಲಗುವ ಕುಂಟು ನಾಯಿಗೂ ಕೇಳಿಸುತ್ತದೆ. ಅದು ಕೇಳಿಸಿದೊಡನೆ ಊರಿನ ಅರ್ಧ ಜನ ಚೀಲ ಎತ್ತಿಕೊಂಡು ಓಡುತ್ತಾರೆ. ಇದು ಭ್ರಮೆಯೇ ಆಗಿದ್ದರೆ ತಾವು ಊರಿನ ಅರ್ಧ ಜನಕ್ಕೆ ಕೋಣೆ ಹುಡುಕಬೇಕಾಗುತ್ತದೆ. ಒಂದು ಕೋಣೆಗೇ ತಮ್ಮ ಕಚೇರಿ ಇಷ್ಟು ಏದುಸಿರು ಬಿಡುತ್ತಿರುವಾಗ ಅದು ಹೇಗೋ ನಾ ಕಾಣೆ.

ಅದು ಅವಳಿಗೆ ತನ್ನದೇ ಧ್ವನಿಯಂತೆ ಕೇಳಿಸಲು ಕಾರಣ ಬಹಳ ಸರಳ. ಅದು ಅವಳದೇ ಧ್ವನಿ.

ನಾನು ಹುಟ್ಟುವ ಮೊದಲಿನಿಂದಲೂ ಚಿಕ್ಕಮ್ಮ ಆ ನಿಲ್ದಾಣದಲ್ಲಿ ಬಸ್ಸುಗಳನ್ನು ಕೂಗಿ ಹೇಳುವ ಕೆಲಸದಲ್ಲಿದ್ದಳು. ವಿಚಾರಣೆಯ ಕೌಂಟರಿನ ಮೇಲೆ ಒಂದು ಗಾಜಿನ ಗೂಡಿತ್ತು. ಅಲ್ಲಿ ಕೂತರೆ ಎಲ್ಲ ಅಂಕಣಗಳೂ ಕಾಣುತ್ತಿದ್ದವು. ಅಂಕಣವೆಂದರೆ ಬಸ್ಸುಗಳು ಮೂತಿ ತೂರಿಸಿ ನಿಲ್ಲುವ ಜಾಗ. ತಮಗೆ ಇಲಾಖೆಯ ಕಾರಿರುವುದರಿಂದ ವಿವರಿಸುತ್ತಿದ್ದೇನೆ. ಬಸ್ಸು ಬಂದು ನಿಂತದ್ದನ್ನು ಕಣ್ಣಾರೆ ಕಂಡ ಮೇಲಷ್ಟೇ ಅವಳು ಮೈಕಿನ ಗುಂಡಿ ಒತ್ತುತ್ತಿದ್ದಳು. ಕಂಡಕ್ಟರುಗಳು ಗೂಡಿನ ಕೆಳಗೆ ನಿಂತು ಗೋಗರೆಯುತ್ತಿದ್ದರಂತೆ:

"ಅಕ್ಕಾ, ನಮ್ ಬಸ್ಸು ತಿರುವಲ್ಲೇ ಇದೆ. ಈಗಲೇ ಹೇಳಿಬಿಡಿ, ಜನ ಸೇರ್ಲಿ."

"ತಿರುವಲ್ಲಿರೋ ಬಸ್ಸು ತಿರುವಲ್ಲೇ ಇರಲಿ. ನಿಂತ ಮೇಲೆ ಹೇಳ್ತೀನಿ."

"ಎರಡೂ ಒಂದೇ ಅಲ್ವೇನಕ್ಕ?"

"ಒಂದೇ ಆಗಿದ್ರೆ ತಿರುವಲ್ಲೇ ಹತ್ತಿಸ್ಕೊಂಡು ಹೋಗಪ್ಪ, ಇಲ್ಲಿಗ್ಯಾಕೆ ಬರ್ತೀಯ?"

ಇದರಿಂದಾಗಿ ಅವಳಿಗೆ ನಿಲ್ದಾಣದಲ್ಲಿ 'ಸತ್ಯಮ್ಮ' ಎಂಬ ಅಡ್ಡಹೆಸರು ಬಿತ್ತು. ಅದು ಹೊಗಳಿಕೆಯಾಗಿರಲಿಲ್ಲ.

ಆಮೇಲೆ ನಿಲ್ದಾಣಕ್ಕೆ ಯಂತ್ರ ಬಂತು. ದಪ್ಪ ಪರದೆ ಇಳಿಬಿಟ್ಟ ಕೋಣೆಯೊಂದರಲ್ಲಿ ಅವಳನ್ನು ಕೂರಿಸಿ ಅವಳ ಮಾತನ್ನು ತುಂಡುತುಂಡಾಗಿ ಹಿಡಿದಿಟ್ಟುಕೊಂಡರು. 'ಪ್ರಯಾಣಿಕರ ಗಮನಕ್ಕೆ' ಒಂದು ತುಂಡು, 'ಅಂಕಣ' ಒಂದು ತುಂಡು, ಸಂಖ್ಯೆಗೊಂದು ತುಂಡು, 'ಹೊರಡಲು ಸಿದ್ಧವಾಗಿದೆ' ಒಂದು ತುಂಡು. ಯಂತ್ರ ಇವನ್ನು ಬೇಕಾದ ಹಾಗೆ ಜೋಡಿಸಿ ಹೇಳುತ್ತದೆ. ಒಂಬತ್ತನ್ನು ಹೇಳಿಸಿದ ದಿನ ಚಿಕ್ಕಮ್ಮನಿಗೆ ನೆಗಡಿ. "ಮೂಗು ಬಿಟ್ಟ ಮೇಲೆ ಇನ್ನೊಂದ್ಸಲ ಹೇಳ್ತೀನಿ" ಅಂದಳಂತೆ. "ಬಸ್ ಹತ್ತೋರು ಮೂಗು ನೋಡಲ್ಲ ಮೇಡಂ, ಸಾಕು" ಅಂದನಂತೆ ರೆಕಾರ್ಡಿಂಗಿನವನು. ಇವತ್ತಿಗೂ ಎಂಟರವರೆಗೆ ಗಂಟೆ ಹೊಡೆದ ಹಾಗಿರುವ ಆ ಧ್ವನಿಗೆ ಒಂಬತ್ತು ಬಂದೊಡನೆ ಮೂಗು ಕಟ್ಟುತ್ತದೆ, ಹತ್ತಕ್ಕೆ ಬಿಡುತ್ತದೆ. ಅಷ್ಟು ಬೇಗ ನೆಗಡಿ ವಾಸಿಯಾಗುವುದನ್ನು ವೈದ್ಯಲೋಕ ಬೇರೆಲ್ಲೂ ಕಂಡಿರಲಾರದು. ಚಿಕ್ಕಮ್ಮ ಈಗಲೂ ನಿಲ್ದಾಣಕ್ಕೆ ಹೋದಾಗ ಒಂಬತ್ತು ಕೇಳಿಸಿದರೆ ಹಣೆ ಚಚ್ಚಿಕೊಳ್ಳುತ್ತಾಳೆ. ಇದನ್ನು ಅವಳ ಬಾಯಿಂದಲೇ ಕೇಳಿ ತಮ್ಮವರು 'ಕಾರಣವಿಲ್ಲದ ಉದ್ವೇಗ' ಎಂದು ಬರೆದಿದ್ದಾರೆ. ತಮ್ಮ ಕೆಟ್ಟ ಫೋಟೊ ಒಂದನ್ನು ಊರಿನ ಕಂಬಕಂಬಕ್ಕೂ ಅಂಟಿಸಿದ್ದರೆ ತಮಗೂ ಅಷ್ಟು ಉದ್ವೇಗ ಆಗುತ್ತಿತ್ತೋ ಏನೋ.

ಧ್ವನಿ ಸಿಕ್ಕ ಮೇಲೆ ಆಳು ಬೇಡವಾಯಿತು. ಗಾಜಿನ ಗೂಡಿನಲ್ಲಿ ಈಗ ಪೊರಕೆ, ಬಕೆಟ್ಟು ಇಡುತ್ತಾರೆ. ಕೆಲಸ ಹೋದದ್ದರಿಂದಲೇ ಕಾಯಿಲೆ ಬಂತು ಎಂದು ಇಲ್ಲಿ ಬರೆದರೆ ಕಥೆ ಸೊಗಸಾಗಿರುತ್ತದೆ. ಸಾಹಿತ್ಯ ಓದಿದ ನನಗೆ ಆ ಆಸೆಯೂ ಇದೆ. ಆದರೆ ಚಿಕ್ಕಮ್ಮ ಈ ಪತ್ರವನ್ನು ಓದುತ್ತಾಳೆ, ಹಾಗಾಗಿ ಸುಳ್ಳು ಹೇಳುವಂತಿಲ್ಲ. ಕಾಯಿಲೆ ಅದಕ್ಕಿಂತ ಬಹಳ ಮೊದಲೇ ಬಂದಿತ್ತು. ಗೂಡಿನಲ್ಲಿ ಕೂತು ಬಸ್ಸುಗಳನ್ನು ಕೂಗುತ್ತಿದ್ದ ದಿನಗಳಲ್ಲೂ ಅವಳಿಗೆ ಬೇರೆ ಧ್ವನಿಗಳು ಕೇಳಿಸುತ್ತಿದ್ದವು. ಇವರನ್ನು ಅವಳು 'ಮಹಡಿಯವರು' ಎನ್ನುತ್ತಾಳೆ. ಗಂಡಸೊಬ್ಬ, ಅವನ ಮಾತಿಗೆ ಒಗ್ಗರಣೆ ಹಾಕುವ ಹೆಂಗಸೊಬ್ಬಳು. ಇವರಿಗೆ ಚಿಕ್ಕಮ್ಮನ ಅಡುಗೆ, ನಡಿಗೆ, ಬಟ್ಟೆ ಯಾವುದೂ ಸರಿಬರುವುದಿಲ್ಲ. ನಮ್ಮ ಮನೆಗೆ ಮಹಡಿಯಿಲ್ಲ, ಮೇಲಿರುವುದು ತಗಡು. ಅಮ್ಮ ಬೆಳಿಗ್ಗೆ ಎದ್ದು, ನೆಂಟರ ಕ್ಷೇಮ ವಿಚಾರಿಸುವ ಹಾಗೆ, "ಇವತ್ತು ಹೇಗಿದಾರೆ ನಿನ್ನ ಮಹಡಿಯವರು?" ಎನ್ನುತ್ತಾಳೆ. "ಗಂಡ ಮಲಗಿದಾನೆ, ಹೆಂಡ್ತಿ ಗೊಣಗ್ತಿದಾಳೆ" ಎಂದರೆ ಒಳ್ಳೆಯ ದಿನ. ಇಬ್ಬರೂ ಎದ್ದಿದ್ದರೆ ಡಾಕ್ಟರಿಗೆ ಫೋನು ಮಾಡುತ್ತೇವೆ.

ಮಹಡಿಯವರ ಮಾತು ಯಾವುದು, ಮನುಷ್ಯರ ಮಾತು ಯಾವುದು ಎಂದು ತಿಳಿಯಲು ಅವಳಿಗೊಂದು ಪರೀಕ್ಷೆಯಿದೆ. ಅದನ್ನು ಕಲಿಸಿದ್ದು ಯಾವ ಡಾಕ್ಟರೂ ಅಲ್ಲ, ಆ ನಿಲ್ದಾಣ. ಮಾತು ಕೇಳಿಸಿದಾಗ ಅವಳು ಮಾತು ಬಂದ ಕಡೆ ನೋಡುವುದಿಲ್ಲ, ಸುತ್ತಲಿನ ಜನರನ್ನು ನೋಡುತ್ತಾಳೆ. ಜನ ಚೀಲ ಎತ್ತಿಕೊಂಡರೆ ಅದು ನಿಜ. ಯಾರೂ ಅಲುಗಾಡದಿದ್ದರೆ ಅದು ಮಹಡಿಯವರದು. ಮನೆಯಲ್ಲಿ ಕುಕ್ಕರಿನ ಸೀಟಿಗೂ, ಬಾಗಿಲು ಬಡಿದ ಸದ್ದಿಗೂ ಅವಳು ಮೊದಲು ನೋಡುವುದು ನನ್ನ ಮುಖವನ್ನೇ. ನಾನು ತಲೆಯೆತ್ತಿದರೆ ಎದ್ದು ಹೋಗಿ ಬಾಗಿಲು ತೆಗೆಯುತ್ತಾಳೆ. ನಾನು ಪುಸ್ತಕದಲ್ಲಿ ಮುಳುಗಿ ತಲೆಯೆತ್ತದಿದ್ದರೆ ಗ್ಯಾಸಿನವನು ಬಡಿದೂ ಬಡಿದೂ ವಾಪಸು ಹೋಗುತ್ತಾನೆ. ಪದ್ಧತಿಯಲ್ಲಿ ಇದೊಂದು ಕುಂದು, ಒಪ್ಪುತ್ತೇನೆ. ಮನಸ್ಸು ತೀರಾ ಕದಡಿದ ದಿನಗಳಲ್ಲಿ ಅವಳು ಸುಮ್ಮನೆ ನಿಲ್ದಾಣಕ್ಕೆ ಹೋಗಿ ಕಲ್ಲುಬೆಂಚಿನ ಮೇಲೆ ಕೂರುತ್ತಾಳೆ. ತನ್ನ ಧ್ವನಿ ಕೇಳಿಸುತ್ತದೆ, ಜನ ಚೀಲ ಎತ್ತುತ್ತಾರೆ, ಲೋಕ ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಗಾರೆಯವನು ಗೋಡೆ ನೆಟ್ಟಗಿದೆಯೋ ಎಂದು ತೂಗುಗುಂಡು ಬಿಟ್ಟು ನೋಡುವುದಿಲ್ಲವೇ, ಹಾಗೆ. ತಮ್ಮ ಕಚೇರಿ ಕಾಯಿಲೆ ಎಂದು ಗುರುತಿಸಿರುವುದು ಆ ಗುಂಡನ್ನು.

ಹಾಗಾದರೆ ಅವಳಿಗೆ ಬೇರೆ ಕೋಣೆ ಏಕೆ, ಅಕ್ಕನ ಮನೆಯಿಲ್ಲವೇ ಎಂದು ತಾವು ಕೇಳಬಹುದು. ಕೇಳಬಹುದೇನು, ಕೇಳಿದ್ದೀರಿ. "ಒಡಹುಟ್ಟಿದವರೇ ಕೈಬಿಟ್ರೆ ಹೇಗಮ್ಮ?" ಎಂದು ತಾವು ಅಮ್ಮನನ್ನು ಕೇಳಿದಾಗ ಅವಳು ಸೆರಗಿನ ಅಂಚನ್ನು ಮಡಿಸಿ ಮಡಿಸಿ ಬಿಚ್ಚುತ್ತಿದ್ದಳು. ಆಗ ನಾನು ಉತ್ತರ ಹೇಳಬೇಕಿತ್ತು. ಹೇಳಲಿಲ್ಲ, ಕಚೇರಿಗಳಲ್ಲಿ ನಾನು ತೊದಲುತ್ತೇನೆ. ಈಗ ಹೇಳುತ್ತೇನೆ. ಕೋಣೆ ಕೇಳಿದವರು ನಾವಲ್ಲ, ಚಿಕ್ಕಮ್ಮ.

ನಮ್ಮದು ಎರಡು ಕೋಣೆಯ ಮನೆ. ಮುಂದಿನದರಲ್ಲಿ ಅಮ್ಮ ಹೊಲಿಗೆ ಯಂತ್ರ ಹಾಕಿಕೊಂಡು ಊರವರ ಪ್ಯಾಂಟುಗಳ ಸೊಂಟ ಬಿಚ್ಚಿ ದೊಡ್ಡದು ಮಾಡಿಕೊಡುತ್ತಾಳೆ. ಹಿಂದಿನದರಲ್ಲಿ ನಾವು ಮೂವರೂ ಮಲಗುತ್ತೇವೆ. ನಾನು ಮುದ್ರಣಾಲಯವೊಂದರಲ್ಲಿ, ಔಷಧಿ ಡಬ್ಬಿಗಳೊಳಗೆ ಮಡಿಸಿಡುವ ಚೀಟಿಗಳ ಕರಡು ತಿದ್ದುತ್ತೇನೆ. ಸಾಹಿತ್ಯದ ಪದವಿ ನನ್ನನ್ನು ತಂದು ನಿಲ್ಲಿಸಿರುವುದು 'ಬಾಯಿ ಒಣಗುವಿಕೆ, ಮಂಪರು, ತೂಕ ಹೆಚ್ಚಳ' ಎಂಬಲ್ಲಿಗೆ. ಅಮ್ಮನಿಗೆ ತಂಗಿಯ ಮೇಲೆ ಪ್ರಾಣ. ಆ ಪ್ರಾಣ ಹೇಗೆಂದರೆ, ಚಿಕ್ಕಮ್ಮ ಬಚ್ಚಲಿಗೆ ಹೋದರೆ ಹೊರಗೆ ನಿಂತು ಬಾಗಿಲು ತಟ್ಟುತ್ತಾಳೆ. ಮಾತ್ರೆ ನುಂಗಿದ ಮೇಲೆ ನಾಲಿಗೆ ಎತ್ತಿ ತೋರಿಸಬೇಕು. ಕತ್ತರಿಗಳನ್ನು ಬೀಗ ಹಾಕಿಡುತ್ತಾಳೆ, ಹೊಲಿಗೆಯವಳ ಮನೆಯಲ್ಲಿ! ಗಿರಾಕಿ ಬಂದಾಗಲೆಲ್ಲ ಕೀಲಿ ಹುಡುಕಾಟ. ಒಂದು ದಿನ ಊಟಕ್ಕೆ ಕೂತಾಗ ಚಿಕ್ಕಮ್ಮ ಮೆಲ್ಲಗೆ ಹೇಳಿದಳು:

"ಅಕ್ಕಾ, ನನಗೊಂದು ಬೀಗದ ಕೈ ಬೇಕು ಕಣೆ."

"ಯಾವ ಬೀಗದ್ದು?"

"ಯಾವುದಾದ್ರೂ ಆಗ್ಲಿ. ಒಳಗಿಂದ ನಾನೇ ಹಾಕ್ಕೊಂಡು ನಾನೇ ತೆಗೆಯೋ ಅಂಥದ್ದು. ಕಷ್ಟ ಬಂದ್ರೆ ಕೂಗಿದ ತಕ್ಷಣ ಯಾರಾದ್ರೂ ಬರಬೇಕು. ಕಷ್ಟ ಇಲ್ದೇ ಇದ್ರೆ ಯಾರೂ ಬರಬಾರ್ದು."

ಅಮ್ಮ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಕಣ್ಣೊರೆಸಿಕೊಂಡು, "ಹುಡುಕೇ ನಿನ್ನ ಚಿಕ್ಕಮ್ಮಂಗೆ ಒಂದು ಜಾಗ. ನೀನು ಓದಿದವಳಲ್ವಾ" ಎಂದಳು.

ಹುಡುಕಿದೆ, ಮಾನ್ಯರೇ. ಮೊದಲು ನೋಡಿದ ಕಡೆ ಆಳೆತ್ತರದ ಕಬ್ಬಿಣದ ಗೇಟು. ಒಳಗೆ ಫಿನಾಯಿಲ್ ವಾಸನೆ, ಸಾಲು ಮಂಚ. ವ್ಯವಸ್ಥಾಪಕರು ಹೆಮ್ಮೆಯಿಂದ, "ಇಲ್ಲಿಗೆ ಬಂದೋರು ಯಾರೂ ವಾಪಸ್ ಹೋಗಿಲ್ಲ, ನೀವು ನಿಶ್ಚಿಂತೆಯಾಗಿರಿ" ಎಂದರು. ನಮ್ಮ ಚಿಂತೆ ಅಲ್ಲಿಂದಲೇ ಶುರುವಾಯಿತು. ಇನ್ನೊಂದು ವೃದ್ಧಾಶ್ರಮ. ಅಲ್ಲಿಯ ಹೆಂಗಸು ಚಿಕ್ಕಮ್ಮನ ತಲೆಗೂದಲನ್ನು ದಿಟ್ಟಿಸಿ, "ಇನ್ನೊಂದಿಷ್ಟು ವಯಸ್ಸಾಗ್ಲಿ, ಆಮೇಲೆ ಕರ್ಕೊಂಡು ಬನ್ನಿ" ಎಂದಳು, ಮಾವಿನಕಾಯಿ ನೋಡಿದವರ ಹಾಗೆ. ಮತ್ತೊಂದಕ್ಕೆ ಹುಲ್ಲುಹಾಸು, ಕಾರಂಜಿ ಎಲ್ಲವೂ ಇತ್ತು. ಅವರು ಕೇಳಿದ್ದು ಒಂದೇ: ಸೇರುವವರಿಗೆ ಕಾಯಿಲೆಯ ಲಕ್ಷಣಗಳು ಇರಬಾರದು. ಊಟ ಮಾಡಿ ಬಂದವರಿಗಷ್ಟೇ ಊಟ ಹಾಕುವ ಹೋಟೆಲನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಈ ನಡುವೆ ದೊಡ್ಡಮಾವ ಫೋನು ಮಾಡಿ, "ಒಂದು ಮದುವೆ ಮಾಡಿಬಿಡಿ, ಎಲ್ಲ ಸರಿಹೋಗುತ್ತೆ" ಎಂದ. "ಮಹಡಿಯವರಿಗೂ ಮದುವೆ ಆಗಿದೆ ಅಣ್ಣ. ಏನ್ ಸರಿಹೋಗಿದೆ?" ಎಂದು ಚಿಕ್ಕಮ್ಮ ಕೇಳಿದ ಮೇಲೆ ಅವನು ಮತ್ತೆ ಫೋನು ಮಾಡಲಿಲ್ಲ. ಅಷ್ಟರಮಟ್ಟಿಗೆ ಕಾಯಿಲೆಯಿಂದ ಉಪಕಾರವಾಯಿತು.

ಕೊನೆಗೆ ಸಿಕ್ಕಿತು. ನಿಲ್ದಾಣದ ಹಿಂಗೋಡೆಗೆ ಒತ್ತಿಕೊಂಡ ಓಣಿಯಲ್ಲಿ, ಹಿಂದೆ ಹಲ್ಲಿನ ಆಸ್ಪತ್ರೆಯಾಗಿದ್ದ ಒಂದು ಮನೆ. ಬಾಗಿಲ ಮೇಲೆ ಅಳಿಸಿದರೂ ಅಳಿಯದ ಒಂದು ದೊಡ್ಡ ದವಡೆಹಲ್ಲಿನ ಚಿತ್ರ ಇನ್ನೂ ಇದೆ. ಅಲ್ಲಿ ಮೂವರು ಹೆಂಗಸರಿದ್ದಾರೆ, ನಾಲ್ಕನೆಯ ಕೋಣೆ ಖಾಲಿ. ದಿನವೂ ಬೆಳಿಗ್ಗೆ ನರ್ಸಮ್ಮ ಬಂದು ಮಾತ್ರೆ ಕೊಟ್ಟು, ಎಲ್ಲರ ಮುಖ ನೋಡಿ ಹೋಗುತ್ತಾರೆ. ಮೇಲ್ವಿಚಾರಕಿ ಪಕ್ಕದಲ್ಲೇ ಇರುತ್ತಾರೆ, ಕೂಗಿದರೆ ಬರುತ್ತಾರೆ. ಅಡುಗೆ, ಕಸ, ಬಟ್ಟೆ ಎಲ್ಲ ಅವರವರದೇ ಪಾಳಿ. ಪ್ರತಿ ಕೋಣೆಗೂ ಒಳಗಿನಿಂದ ಚಿಲಕ, ಹೊರಗಿನಿಂದ ಬೀಗ, ಬೀಗದ ಕೈ ಅವರವರ ಹತ್ತಿರ. ಅಲ್ಲಿ ಎಲ್ಲರೂ 'ಟೀಚರ್' ಎಂದು ಕರೆಯುವ ಹಿರಿಯ ಹೆಂಗಸು ಚಿಕ್ಕಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಸಂದರ್ಶನ ಶುರುಮಾಡಿದರು.

"ಟೀ ಮಾಡಕ್ಕೆ ಬರುತ್ತಾ?"

"ಸುಮಾರಾಗಿ."

"ಬಂದ್ರೆ ಬಾ. ಬರ್ದಿದ್ರೂ ಬಾ. ಬರದೇ ಇದ್ರೂ ಮಾಡ್ತೀನಿ ಅಂತ ಹಟ ಮಾಡ್ಬೇಡ. ಅಂಥವಳು ಒಬ್ಬಳು ಈಗಾಗ್ಲೇ ಇದಾಳೆ."

"ಯಾರಿಗೆ ಹೇಳಿದ್ದು ಅದು?" ಎಂದು ಅಡುಗೆಮನೆಯಿಂದ ಒಂದು ಧ್ವನಿ ಬಂತು. ಚಿಕ್ಕಮ್ಮ ತಟ್ಟನೆ ನನ್ನ ಮುಖ ನೋಡಿದಳು. ನಾನು ನಗುತ್ತಿದ್ದೆ. ಧ್ವನಿ ನಿಜದ್ದೆಂದು ತಿಳಿದು ಅವಳೂ ನಕ್ಕಳು. ಆಮೇಲೆ ಖಾಲಿ ಕೋಣೆಗೆ ಹೋಗಿ ಕಿಟಕಿ ತೆಗೆದಳು. ಗೋಡೆಯಾಚೆಯಿಂದ ತೆಳ್ಳಗೆ, 'ಅಂಕಣ ಒಂಬತ್ತರಲ್ಲಿ' ಎಂದು ಮೂಗು ಕಟ್ಟಿದ ಧ್ವನಿ. ಹಣೆ ಚಚ್ಚಿಕೊಂಡಳು. "ಇದೇ ಸಾಕು ಕಣೆ" ಎಂದಳು.

ಆ ಮನೆಗೆ ಸೇರಲು ತಮ್ಮ ವಿಭಾಗದ ಮಂಜೂರಾತಿ ಬೇಕು. ಬಂದೆವು. ತಮ್ಮ ಕಚೇರಿಯ ಕಿಟಕಿಯಲ್ಲಿ ಒಂದು ಮುಖದಷ್ಟೇ ಜಾಗವಿದೆ. ಅದನ್ನೂ ಮೊಳಕಾಲಿನ ಎತ್ತರಕ್ಕೆ ಇಟ್ಟಿದ್ದೀರಿ, ಬಂದವರು ಬಗ್ಗಲಿ ಎಂದಿರಬೇಕು. ನಾನು ಬಗ್ಗಿ, ತೊದಲಿ, ಬೆವರಿ, "ನೆರವಿನ ಮನೆ... ಒಂದು ಕೋಣೆ..." ಎಂದೆ. ಗುಮಾಸ್ತರು ನನ್ನನ್ನು ಕರುಣೆಯಿಂದ ನೋಡಿ ಧ್ವನಿ ತಗ್ಗಿಸಿದರು.

"ಯಾವಾಗಿಂದ ಹೀಗಾಗಿದೆಯಮ್ಮ ನಿಮಗೆ?"

"ನನಗಲ್ಲ, ಚಿಕ್ಕಮ್ಮನಿಗೆ."

"ಹಾಗೇ ಹೇಳ್ತಾರೆ ಎಲ್ಲರೂ. ಭಯಪಡ್ಬೇಡಿ. ಜೊತೆಗೆ ಯಾರಾದ್ರೂ ಬಂದಿದಾರಾ?"

ಹಿಂದಿನಿಂದ ಚಿಕ್ಕಮ್ಮ, ಇಡೀ ಪಡಸಾಲೆ ತಿರುಗಿ ನೋಡುವ ಹಾಗೆ, ಒಂದು ಅಕ್ಷರವೂ ನುಂಗದೆ ಹೇಳಿದಳು: "ಕಾಯಿಲೆ ನನಗೆ ರೀ. ಇವಳಿಗೆ ಇರೋದು ಸಾಹಿತ್ಯ." ಕಾಯುತ್ತಿದ್ದ ಇಬ್ಬರು ಅಭ್ಯಾಸಬಲದಿಂದ ಚೀಲ ಎತ್ತಿಕೊಂಡರು.

ಅಲ್ಲಿ ಗೋಡೆಯ ಮೇಲೆ ತಮ್ಮ ನಿಯಮಗಳನ್ನು ಚೌಕಟ್ಟು ಹಾಕಿ ತೂಗುಬಿಟ್ಟಿದ್ದೀರಿ. ಅರ್ಜಿದಾರರು 'ಸ್ವತಂತ್ರವಾಗಿ ಬದುಕಲು ಅಸಮರ್ಥರಾಗಿರತಕ್ಕದ್ದು' ಎಂದು ಮೇಲೆ. 'ನೆರವಿನ ಮನೆಯಲ್ಲಿ ಸ್ವತಂತ್ರವಾಗಿ ಬದುಕಲು ಸಮರ್ಥರಾಗಿರತಕ್ಕದ್ದು' ಎಂದು ಕೆಳಗೆ. ಈಜು ಬರುವವರಿಗೆ ದೋಣಿಯಿಲ್ಲ, ಈಜು ಬಾರದವರನ್ನು ದೋಣಿಗೆ ಹತ್ತಿಸುವುದು ಅಪಾಯ. ಇವೆರಡರ ನಡುವಿನ ಕೂದಲೆಳೆಯ ಮೇಲೆ ನಡೆದು ತೋರಿಸಬಲ್ಲವರಿಗೆ ಕೋಣೆಯೇಕೆ, ಸರ್ಕಸ್ಸಿನಲ್ಲಿ ಕೆಲಸವೇ ಸಿಗುತ್ತದೆ.

ಆದರೂ ಚಿಕ್ಕಮ್ಮ ನಡೆದಳು. ತಮ್ಮ ಮೌಲ್ಯಮಾಪಕರು ನಮ್ಮ ಮನೆಗೆ ಬಂದರು. ಸಭ್ಯರು, ಹೊಲಿಗೆ ಯಂತ್ರದ ಮೇಲಿದ್ದ ಯಾರದೋ ಪ್ಯಾಂಟನ್ನು ಪಕ್ಕಕ್ಕಿಟ್ಟು ಕೂತರು. ಚಿಕ್ಕಮ್ಮ ಏನನ್ನೂ ಮುಚ್ಚಿಡಲಿಲ್ಲ. "ಮಹಡಿಯವರು ಗಲಾಟೆ ಮಾಡ್ತಾರೆ. ಮೊದಲು ಜಗಳ ಆಡ್ತಿದ್ದೆ, ಈಗ ಬಿಟ್ಟಿದೀನಿ. ಮಾತ್ರೆ ತಗೊಂಡ್ರೆ ಸುಮ್ನಾಗ್ತಾರೆ" ಎಂದಳು. ಅವರು ಸಹಾನುಭೂತಿಯಿಂದ ತಲೆದೂಗಿ, "ಬಾಡಿಗೆ ಮನೆಗಳಲ್ಲಿ ಇದೊಂದು ಗೋಳು. ನಮ್ಮ ಮೇಲಿನವರೂ ಹಾಗೇ" ಎಂದರು. ನಾನು ತಗಡಿನ ಕಡೆ ನೋಡಿದೆ. ಅವರು ನೋಡಲಿಲ್ಲ. ಆಮೇಲೆ ಚಿಕ್ಕಮ್ಮ, "ಬಸ್ ಸ್ಟ್ಯಾಂಡಲ್ಲಿ ಕೇಳಿಸೋದು ಮಾತ್ರ ನನ್ನದೇ ಧ್ವನಿ" ಎಂದಳು. ಆಗ ಅವರ ಪೆನ್ನು ಓಡತೊಡಗಿತು. "ಅದು ನಿಜ ಸರ್..." ಎಂದು ನಾನು ಬಾಯಿ ತೆರೆದೆ. "ಮನೆಯವರು ಹೀಗೆ ಹೌದು ಹೌದು ಅನ್ನೋದ್ರಿಂದಲೇ ಕಾಯಿಲೆ ಬಲಿಯೋದು" ಎಂದು ನನಗೂ ಒಂದು ಸಾಲು ಬುದ್ಧಿಹೇಳಿ ಹೋದರು.

ಅವರ ವರದಿಯಲ್ಲಿ ಮುಖ್ಯವಾಗಿ ಎರಡು ಮಾತುಗಳಿವೆ. ಒಂದು: 'ಮೇಲಿನ ಮನೆಯವರೊಂದಿಗೆ ಹಿಂದೆ ಮನಸ್ತಾಪವಿತ್ತು, ಈಗ ಹೊಂದಿಕೊಂಡಿದ್ದಾರೆ.' ಇನ್ನೊಂದು ಆ ದೃಢವಾದ ಭ್ರಮೆ. ಇಲ್ಲದ ಮಹಡಿಯನ್ನು ಕಟ್ಟಿ, ಅದರಲ್ಲಿ ಸಂಸಾರ ಹೂಡಿಸಿ, ಇರುವ ಧ್ವನಿಯನ್ನು ಅಳಿಸಿಹಾಕಿದ್ದಾರೆ. ಇಷ್ಟೆಲ್ಲ ಕಂಡವರು ಒಬ್ಬ ಅರ್ಜಿದಾರರಾಗಿದ್ದರೆ ತಮ್ಮ ಕಚೇರಿ ಅವರ ಬಗ್ಗೆ ಏನೆಂದು ಬರೆಯುತ್ತಿತ್ತು?

ಕೋಣೆ ನಿರಾಕರಿಸಿದ ಮೇಲೆ ನಾವು ಮೂವರೂ ತಮ್ಮನ್ನೇ ಕಂಡೆವು. ತಾವು ಕಠಿಣವಾಗಿ ಮಾತಾಡಲಿಲ್ಲ, ಅದನ್ನು ಹೇಳಲೇಬೇಕು. ಫ್ಯಾನಿನ ವೇಗ ಕೂಡ ಹೆಚ್ಚಿಸಿದಿರಿ. ಚಿಕ್ಕಮ್ಮನಿಗೆ ಒಂದು ದಾರಿಯನ್ನೂ ತೋರಿಸಿದಿರಿ.

"ನೋಡೀಮ್ಮ, ಕಾಯಿಲೆ ಇರೋದು ತಪ್ಪಲ್ಲ. ಕಾಯಿಲೆ ಅಂತ ಅರಿವು ಇರಬೇಕು, ಅಷ್ಟೇ. ಆ ಬಸ್ ಸ್ಟ್ಯಾಂಡ್ ಧ್ವನಿ ನನ್ನದಲ್ಲ, ಅದು ಕಾಯಿಲೆಯಿಂದ ಹಾಗನ್ನಿಸ್ತಿತ್ತು ಅಂತ ಒಪ್ಕೊಳ್ಳಿ. ಅರಿವು ಮೂಡಿದೆ ಅಂತ ಬರೆದು ನಾನೇ ಮಂಜೂರು ಮಾಡ್ತೀನಿ."

ಅಮ್ಮ ಮೇಜಿನ ಕೆಳಗೆ ತಂಗಿಯ ತೊಡೆ ಚಿವುಟಿದಳು. "ಹೇಳಿಬಿಡೆ. ನಿನ್ನ ಗಂಟೇನು ಹೋಗುತ್ತೆ?"

ಚಿಕ್ಕಮ್ಮ ತಮ್ಮನ್ನೇ ನೋಡಿ ಕೇಳಿದಳು: "ಸರ್, ನೀವು ಕೊನೇ ಸಲ ಬಸ್ ಹತ್ತಿದ್ದು ಯಾವಾಗ?"

ತಾವು ನಕ್ಕಿರಿ.

"ನಾನು ಹುಚ್ಚಿ ಅಂತ ಒಪ್ಕೋತೀನಿ ಸರ್. ಎಲ್ಲಿ ಬೇಕಾದ್ರೂ ಒಪ್ಕೋತೀನಿ. ಸುಳ್ಳಿ ಅಂತ ಒಪ್ಕೊಳಲ್ಲ" ಎಂದು ಅವಳು ಎದ್ದಳು.

ಹೊರಗೆ ಮೆಟ್ಟಿಲ ಮೇಲೆ ಅಕ್ಕತಂಗಿಯರಿಗೆ ಜಗಳವೋ ಜಗಳ. "ಒಂದು ಮಾತು ಕಣೆ! ಒಂದೇ ಒಂದು ಮಾತು! ಬೀಗದ ಕೈ ಬೇಕು ಬೇಕು ಅಂತ ನನ್ನ ಹೊಟ್ಟೆ ಉರಿಸಿದವಳು ನೀನು!" ಎಂದು ಅಮ್ಮ. ಚಿಕ್ಕಮ್ಮನ ಉತ್ತರವನ್ನು ನಾನು ಕಿವಿಯಾರೆ ಕೇಳಿದ್ದೇನೆ, ಅದಕ್ಕಾಗಿಯೇ ಈ ಪತ್ರ. "ಅಕ್ಕಾ, ಅದೊಂದು ಸುಳ್ಳು ಅಂತ ಒಪ್ಕೊಂಡ್ರೆ, ಆಮೇಲೆ ಮಹಡಿಯವರು ಬಂದಾಗ ನಾನು ಯಾವುದನ್ನ ಹಿಡ್ಕೊಂಡು ನಿಂತ್ಕೊಳ್ಲಿ?" ಅಮ್ಮ ತಂಗಿಯ ಕೈ ಹಿಡಿದು ಮೆಟ್ಟಿಲು ಇಳಿಸಿದಳು.

ತಮಗೆ ಸಾಕ್ಷಿ ಬೇಕಿರಬಹುದೆಂದು ಮರುದಿನ ನಾವು ನಿಲ್ದಾಣದ ಮೇಲ್ವಿಚಾರಕರ ಬಳಿಗೆ ಹೋದೆವು. ಈಗಿನವರು ಹೊಸಬರು, ಸತ್ಯಮ್ಮನ ಕಾಲದವರಲ್ಲ. "ಧ್ವನಿಗೆಲ್ಲ ಸರ್ಟಿಫಿಕೇಟ್ ಕೊಡೋ ಪದ್ಧತಿ ಇಲ್ಲಮ್ಮ" ಎಂದರು. ಆಮೇಲೆ ಕುತೂಹಲ ತಡೆಯಲಾರದೆ ತುರ್ತಿಗೆಂದು ಇಟ್ಟುಕೊಂಡಿದ್ದ ಮೈಕನ್ನು ಮುಂದೆ ತಳ್ಳಿ, "ಎಲ್ಲಿ, ಒಂದು ಹೇಳಿ ನೋಡೋಣ" ಎಂದರು.

ಚಿಕ್ಕಮ್ಮ ಕಿಟಕಿಯಾಚೆ ನೋಡಿದಳು. "ಯಾವ ಬಸ್ಸೂ ನಿಂತಿಲ್ವಲ್ಲ."

"ಸುಮ್ನೆ ಹೇಳೀಮ್ಮ, ಪರೀಕ್ಷೆಗೆ."

"ಇಲ್ಲದ ಬಸ್ಸನ್ನ ಹೇಗೆ ಹೇಳೋದು? ಜನ ಓಡ್ತಾರೆ."

ಅಮ್ಮ ಹಣೆ ಹಿಡಿದುಕೊಂಡಳು. ಮೇಲ್ವಿಚಾರಕರು ನನ್ನ ಕಡೆ ನೋಡಿದರು. ನಾವು ಕಾದೆವು. ಮೇಲ್ವಿಚಾರಕರು ಟೀ ತರಿಸಿದರು, ಕುಡಿದೆವು. ಕೊನೆಗೆ ಒಂದು ಬಸ್ಸು ತಿರುವಿನಲ್ಲಿ ಕಂಡಿತು. ಚಿಕ್ಕಮ್ಮ ಅಲುಗಲಿಲ್ಲ. ಅದು ಒಂಬತ್ತನೆಯ ಅಂಕಣಕ್ಕೆ ಬಂದು, ಮೂತಿ ತೂರಿಸಿ, ಒಮ್ಮೆ ನಡುಗಿ ನಿಂತಿತು. ಅವಳು ಗುಂಡಿ ಒತ್ತಿದಳು. "ಪ್ರಯಾಣಿಕರ ಗಮನಕ್ಕೆ. ಅಂಕಣ ಒಂಬತ್ತರಲ್ಲಿ ನಿಂತಿರುವ ಬಸ್ಸು ಹೊರಡಲು ಸಿದ್ಧವಾಗಿದೆ." ನೆಗಡಿಯಿಲ್ಲದ ಒಂಬತ್ತು! ಇಡೀ ನಿಲ್ದಾಣ ಚೀಲ ಎತ್ತಿತು. ಅಷ್ಟರಲ್ಲಿ ಯಂತ್ರವೂ ಎಚ್ಚರಗೊಂಡು ಅದೇ ಮಾತನ್ನು, ಅದೇ ಏರಿಳಿತದಲ್ಲಿ, ಮೂಗು ಕಟ್ಟಿಕೊಂಡು ಹೇಳಿತು. ಚೀಲ ಎತ್ತಿದವರು ನಡುದಾರಿಯಲ್ಲಿ ನಿಂತು ಧ್ವನಿವರ್ಧಕದ ಕಡೆ ತಲೆಯೆತ್ತಿದರು. ಛತ್ರಿಯವನು ಎದ್ದು ನಿಂತು, ಕೈಯನ್ನು ಕಣ್ಣಿಗೆ ಅಡ್ಡ ಹಿಡಿದು ಕೂಗಿದ: "ಸತ್ಯಮ್ಮ ಬಂದ್ರೇನ್ರೋ?"

ಮೇಲ್ವಿಚಾರಕರು ಮೈಕನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡು, "ಇವರದೇ. ಅನುಮಾನವೇ ಇಲ್ಲ. ಆದ್ರೆ ಬರೆದುಕೊಡಕ್ಕೆ ಆಗಲ್ಲ, ಮೇಲಿಂದ ಕೇಳ್ಬೇಕು" ಎಂದರು. ಮೇಲಿನವರು ಎಂದರೆ ನಮ್ಮ ಮನೆಯಲ್ಲಿ ಒಂದು ನಗು ಬರುತ್ತದೆ, ಮಾನ್ಯರೇ. ಅವರನ್ನು ಕೇಳಿ ಏನೂ ಪ್ರಯೋಜನವಿಲ್ಲವೆಂದು ನಾವು ಬಹಳ ಹಿಂದೆಯೇ ಕಂಡುಕೊಂಡಿದ್ದೇವೆ.

ಈಗ ನನ್ನ ಬೇಡಿಕೆ. ಚಿಕ್ಕಮ್ಮನಿಗೆ ಕಾಯಿಲೆಯಿಲ್ಲ ಎಂದು ಬರೆಯಿರಿ ಎಂದು ನಾನು ಕೇಳುತ್ತಿಲ್ಲ. ಸರಿಯಾದ ಕಾಯಿಲೆಯನ್ನು ಬರೆಯಿರಿ. ಮಹಡಿಯವರನ್ನು ವರದಿಗೆ ಸೇರಿಸಿ. ಅವರು ಖಂಡಿತ ಇಲ್ಲ, ಬಂದು ನಮ್ಮ ತಗಡು ನೋಡಬಹುದು. ನಿಲ್ದಾಣದ ಧ್ವನಿಯನ್ನು ತೆಗೆಯಿರಿ. ಅದು ಖಂಡಿತ ಇದೆ, ಬಂದು ಕೇಳಬಹುದು. ಒಂದು ಸೇರಿಸಿ ಒಂದು ತೆಗೆದರೆ ವರದಿಯ ಉದ್ದವೂ ಬದಲಾಗುವುದಿಲ್ಲ. ಆಮೇಲೆ ಆ ಹಲ್ಲಿನ ಆಸ್ಪತ್ರೆಯ ನಾಲ್ಕನೆಯ ಕೋಣೆಯನ್ನು ಅವಳಿಗೆ ಕೊಡಿ. ಈ ತಿಂಗಳು ಮುಗಿದರೆ ಅದು ಬೇರೆಯವರ ಪಾಲಾಗುತ್ತದೆ. ಟೀಚರ್ ಈಗಾಗಲೇ ಚಿಕ್ಕಮ್ಮನ ಹೆಸರಿಗೆ ಒಂದು ಲೋಟ ತೆಗೆದಿಟ್ಟು, "ಬರದಿದ್ರೆ ಇದರಲ್ಲಿ ಬ್ರಷ್ ಇಡ್ತೀವಿ" ಎಂದು ಎಚ್ಚರಿಕೆ ಕಳಿಸಿದ್ದಾರೆ.

ನಂಬಿಕೆ ಬಾರದಿದ್ದರೆ ತಾವೇ ಒಂದು ದಿನ ನಿಲ್ದಾಣಕ್ಕೆ ಬನ್ನಿ. ಕಾರು ಬೇಡ, ಬಸ್ಸಿನಲ್ಲೇ ಬನ್ನಿ. ಕೈಯಲ್ಲೊಂದು ಚೀಲವಿರಲಿ. ಕಲ್ಲುಬೆಂಚಿನ ಮೇಲೆ ಚಿಕ್ಕಮ್ಮನ ಪಕ್ಕದಲ್ಲಿ ಕೂತುಕೊಳ್ಳಿ. ಧ್ವನಿ ಬಂದಾಗ ಅವಳು ಧ್ವನಿವರ್ಧಕವನ್ನು ನೋಡುವುದಿಲ್ಲ, ತಮ್ಮ ಕೈಯನ್ನು ನೋಡುತ್ತಾಳೆ. ತಮ್ಮ ಕೈ ತಾನಾಗಿಯೇ ಚೀಲಕ್ಕೆ ಹೋಗುತ್ತದೆ, ನೋಡುತ್ತಿರಿ. ಆಗ ಅವಳಿಗೆ ಏನನ್ನೂ ಒಪ್ಪಿಕೊಳ್ಳುವ ಅಗತ್ಯವಿರುವುದಿಲ್ಲ. ತಾವು ಒಪ್ಪಿಕೊಂಡಿರುತ್ತೀರಿ.

ಈ ಪತ್ರವನ್ನು ಚಿಕ್ಕಮ್ಮ ಓದಿದಳು. ಒಂದು ಕಡೆ ತಕರಾರು ತೆಗೆದಳು. "ಊರಿನ ಅರ್ಧ ಜನ ಅಂತ ಬರೆದಿದೀಯಲ್ಲ, ಎಣಿಸಿದೀಯ? ಮಧ್ಯಾಹ್ನ ಅಷ್ಟು ಜನ ಇರಲ್ಲ, ತಿದ್ದು" ಎಂದಳು. ತಿದ್ದಲಿಲ್ಲ, ಇಲ್ಲಿ ಹೇಳಿದ್ದೇನೆ, ತಮ್ಮ ಗಮನಕ್ಕೆ. ಆಮೇಲೆ ಒಳಗೆ ಹೋಗಿ ತನ್ನ ಬಟ್ಟೆಗಳನ್ನು ಮಡಿಸಿ ಚೀಲಕ್ಕೆ ತುಂಬಿ ಬಾಗಿಲ ಹತ್ತಿರ ಇಟ್ಟಳು. ಅಮ್ಮ ಅದರ ಕಿತ್ತುಹೋಗಿದ್ದ ಹಿಡಿಕೆಯನ್ನು ಎರಡೆಳೆ ದಾರದಲ್ಲಿ ಹೊಲಿದಿದ್ದಾಳೆ. ತಮ್ಮ ಕಚೇರಿಯಿಂದ ಇನ್ನು ಮುಂದೆ ಯಾವ ಮಾತು ಬಂದರೂ ಅದು ನಿಜವೋ ಅಲ್ಲವೋ ಎಂದು ತಿಳಿಯಲು ನಾನು ಅದರ ಮೊಹರನ್ನು ನೋಡುವುದಿಲ್ಲ. ಅದನ್ನು ಚಿಕ್ಕಮ್ಮನಿಗೆ ಓದಿ ಹೇಳುತ್ತೇನೆ, ಅವಳು ಆ ಚೀಲ ಎತ್ತುತ್ತಾಳೋ ಇಲ್ಲವೋ ನೋಡುತ್ತೇನೆ.

ಇಂತಿ,
ತಮ್ಮ ಕಿಟಕಿಯ ಮುಂದೆ ಬಾಯಿ ಬಾರದೆ ರೋಗಿಯೆನಿಸಿಕೊಂಡ,
ಆರೋಗ್ಯವಾಗಿಯೇ ಇರುವ, ಸಾಹಿತ್ಯ ಮಾತ್ರ 'ಇರುವ',
ಅಂಕಣ ಒಂಬತ್ತರ ಧ್ವನಿಯ ಅಕ್ಕನ ಮಗಳು